ಸೊನ್ನೆ ಚೀಟಿ

ಕಡತದಕ್ಕನಿಗೆ ಹೇಸಿಗೆ ಹೊಸದೇನಲ್ಲ. ಮೂವತ್ತು ವರ್ಷ ಅವಳು ಹೇಸಿಗೆಯ ಜೊತೆಯಲ್ಲೇ ಹೊಟ್ಟೆ ಹೊರೆದವಳು. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಹೆಣ ಇಡುವ ಕೋಣೆಗೂ ನಡುವೆ ಇತ್ತು ಹಳೆಯ ರೆಕಾರ್ಡ್ ರೂಮು. ಒಂದು ಕಡೆಯಿಂದ ಸೋಪಿನ ಹಬೆ, ಇನ್ನೊಂದು ಕಡೆಯಿಂದ ಫಿನಾಯಿಲ್ ವಾಸನೆ, ಒಳಗೆ ಇಲಿಯ ಹಿಕ್ಕೆ, ಜಿರಲೆಯ ಮೊಟ್ಟೆ, ಗೆದ್ದಲು ತಿಂದುಳಿದ ಕಾಗದದ ಹುಡಿ. ಕೆಲವು ಕಡತಗಳು ರಕ್ತದ ಕಲೆ ಅಂಟಿಸಿಕೊಂಡೇ ಬರುತ್ತಿದ್ದವು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಏಣಿ ಹತ್ತಿ, ಅವನ್ನು ಇಳಿಸಿ, ಧೂಳು ಕೊಡವಿ, ಡಾಕ್ಟರ ಮೇಜಿಗೆ ಮುಟ್ಟಿಸುವುದು ಅವಳ ಕೆಲಸ. ಸಂಜೆ ಮನೆಗೆ ಹೋದವಳು ಮೊದಲು ಬಚ್ಚಲಿಗೆ ನುಗ್ಗಿ ಮೊಣಕೈವರೆಗೂ ಸೋಪು ಹಾಕಿ ತಿಕ್ಕುತ್ತಿದ್ದಳು. ಅವಳ ಅತ್ತೆ ಹೊರಗಿನಿಂದ, "ಚರ್ಮ ನಿಂದೇ ಕಣೆ, ಆಸ್ಪತ್ರೆಯೋರದ್ದಲ್ಲ, ಸ್ವಲ್ಪ ಉಳಿಸ್ಕೋ" ಎಂದು ಕೂಗುತ್ತಿದ್ದರು.

ಇಪ್ಪತ್ತೆರಡನೇ ವಯಸ್ಸಿಗೆ ಆ ಕೋಣೆಗೆ ಬಂದವಳು. ಅಪ್ಪ ಅದೇ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದು, ಅದೇ ಸ್ಟ್ರೆಚರಿನ ಮೇಲೆ ಒಳಗೆ ಹೋದವನು ವಾಪಸು ಬರಲಿಲ್ಲ. ಅನುಕಂಪದ ಮೇಲೆ ಮಗಳಿಗೆ ಕೆಲಸ ಸಿಕ್ಕಿತು. ಮೊದಲ ಆರು ತಿಂಗಳು ಧೂಳು ಹೊಡೆಯುವುದು, ಆಮೇಲೆ ಕಡತ ಕಟ್ಟುವುದು, ಆಮೇಲೆ ಇಡೀ ಕೋಣೆಯೇ ಅವಳ ಪಾಲಿಗೆ ಬಂತು. ಬೇರೆ ಯಾರೂ ಆ ಗಬ್ಬಿಗೆ ಕಾಲಿಡಲು ಒಪ್ಪದಿದ್ದರಿಂದ ಪೈಪೋಟಿಯೇನೂ ಇರಲಿಲ್ಲ. ಲಿಫ್ಟಿನವನಿಂದ ಹಿಡಿದು ದೊಡ್ಡ ಡಾಕ್ಟರವರೆಗೂ ಎಲ್ಲರಿಗೂ ಅವಳು ಕಡತದಕ್ಕ. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಗಷ್ಟೇ ಗೊತ್ತಿತ್ತು.

ಹುಡುಕುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಯಾರಾದರೂ ಬಂದು, "ಅಕ್ಕ, ನಮ್ಮಪ್ಪಂಗೆ ಕಾಲು ಮುರಿದಿತ್ತು, ಯಾವ ವರ್ಷ ಅಂತ ನೆನಪಿಲ್ಲ" ಎಂದರೆ, "ಆಗ ಮೂಳೆ ವಾರ್ಡು ಮೇಲಿತ್ತೋ ಕೆಳಗಿತ್ತೋ?" ಎಂದು ಕೇಳುತ್ತಿದ್ದಳು. ಮೇಲೆ ಎಂದರೆ ಇಷ್ಟು ವರ್ಷ, ಕೆಳಗೆ ಎಂದರೆ ಅಷ್ಟು ವರ್ಷ. "ಮೆಟ್ಟಿಲ ಹತ್ರ ಸುಣ್ಣ ಬಳಿತಿದ್ರಾ? ಅಡುಗೆಮನೆ ಹಿತ್ತಲಲ್ಲಿತ್ತಾ?" ಹೀಗೆ ನಾಲ್ಕು ಪ್ರಶ್ನೆ ಕೇಳಿ, ಕಪಾಟು ಯಾವುದು, ಹಲಗೆ ಯಾವುದು ಎಂದು ಹಿಡಿದುಬಿಡುತ್ತಿದ್ದಳು. ಅವತ್ತು ಸಿಗದಿದ್ದರೆ "ನಾಳೆ ಬನ್ನಿ" ಎನ್ನುತ್ತಿದ್ದಳು. ಆ ನಾಳೆಯನ್ನು ಬೈದುಕೊಂಡು ಹೋದವರು ಮರುದಿನ ಬಂದು ಕೈ ಮುಗಿದದ್ದೂ ಉಂಟು.

ಅಂಥವಳ ಕೋಣೆಗೆ ಮೂರು ವರ್ಷದ ಹಿಂದೆ ಸ್ಕ್ಯಾನಿನವರು ಬಂದರು. ಗುತ್ತಿಗೆ ಪುಟದ ಲೆಕ್ಕಕ್ಕೆ ಎಂದ ಮೇಲೆ ಕೇಳಬೇಕೆ? ಕಪಾಟಿನಿಂದ ಚೀಲಕ್ಕೆ, ಚೀಲದಿಂದ ಯಂತ್ರಕ್ಕೆ, ಯಂತ್ರದಿಂದ ಮತ್ತೆ ಚೀಲಕ್ಕೆ. ಐದು ತಿಂಗಳಲ್ಲಿ ಆರುನೂರು ಚೀಲ, ಹದಿನೆಂಟು ಲಕ್ಷ ಪುಟ. ಮುಗಿದ ಚೀಲಗಳನ್ನು ಲಾರಿಗೆ ತುಂಬಿ ಕಾಗದ ಅರೆಯುವ ಕಾರ್ಖಾನೆಗೆ ಕಳಿಸಿದರು. ಖಾಲಿಯಾದ ಕೋಣೆಗೆ ಸುಣ್ಣ ಬಳಿದು, ನೆಲಕ್ಕೆ ಬಿಳಿ ಕಲ್ಲು ಹಾಸಿ, ಗಾಜಿನ ಬಾಗಿಲು ಇಟ್ಟು, ತಣ್ಣನೆ ಗಾಳಿಯ ಯಂತ್ರ ಕೂರಿಸಿ, ಕಡತದಕ್ಕನನ್ನು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಉದ್ಘಾಟನೆಯ ದಿನ ಅತಿಥಿಗಳ ಮುಂದೆ ಒಂದು ಹೆಸರು ಬರೆದು ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ದಾಖಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಹಳೆಯದೋ ಹೊಸದೋ ಎಂದು ಯಾರೂ ಕೇಳಲಿಲ್ಲ, ಹಿಂದಿನ ವಾರವಷ್ಟೇ ಟೈಪು ಮಾಡಿದ ಹೊಸ ದಾಖಲೆ ಎಂದು ಯಾರೂ ಹೇಳಲಿಲ್ಲ.

ಆ ಕೋಣೆಗೆ ಒಬ್ಬ ಮೇಲ್ವಿಚಾರಕರಿದ್ದರು. ಏನು ಹೇಳಿದರೂ "ಆಯ್ತಲ್ಲ" ಎನ್ನುತ್ತಿದ್ದರಿಂದ ಬೆನ್ನ ಹಿಂದೆ ಅವರನ್ನು ಆಯ್ತಲ್ಲ ಸಾಹೇಬರು ಎನ್ನುತ್ತಿದ್ದರು. ಛಾವಣಿ ಸೋರುತ್ತಿದೆ ಎಂದರೂ ಆಯ್ತಲ್ಲ, ಅತ್ತೆಗೆ ಹುಷಾರಿಲ್ಲ, ರಜಾ ಬೇಕು ಎಂದರೂ ಆಯ್ತಲ್ಲ. ಸೊನ್ನೆ ಚೀಟಿ ಅವರ ಬುದ್ಧಿಯಿಂದಲೇ ಹುಟ್ಟಿದ್ದು. ಹಳೆಯ ಕಡತ ಕೇಳಿಕೊಂಡು ಯಾರಾದರೂ ಬಂದರೆ ಹೆಸರು ಬರೆದು ಹುಡುಕಬೇಕು. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಪರದೆಯಲ್ಲಿ ಬರುವ "ಸಿಕ್ಕ ದಾಖಲೆಗಳು: 0" ಎನ್ನುವುದನ್ನು ಹಾಗೇ ಮುದ್ರಿಸಿ, ಕೆಳಗೆ ಸೀಲು ಹೊಡೆದು, ಸಹಿ ಹಾಕಿ, ಒಂದು ಪ್ರತಿಯನ್ನು ಅರ್ಜಿಯ ಜೊತೆ ಇಟ್ಟುಕೊಂಡು, ಇನ್ನೊಂದನ್ನು ಕೊಟ್ಟುಬಿಡಬೇಕು. ಅರ್ಜಿ ವಿಲೇವಾರಿ. ನಾಲ್ಕು ನಿಮಿಷದ ಕೆಲಸ. ಆ ನಾಲ್ಕು ನಿಮಿಷಕ್ಕೇ ವರ್ಷದ ಕೊನೆಯಲ್ಲಿ ಆಯ್ತಲ್ಲ ಸಾಹೇಬರಿಗೆ ಒಂದು ಪ್ರಶಸ್ತಿ ಬಂತು. ಅದನ್ನು ಕಟ್ಟು ಹಾಕಿಸಿ ಅವಳ ತಲೆಯ ಮೇಲಿನ ಗೋಡೆಗೇ ತಗುಲಿಹಾಕಿಸಿದರು.

ಹೊಸ ದಾಖಲೆಗಳು ಸಿಗುತ್ತಿದ್ದವು. ಹಳೆಯವು ನೂರಕ್ಕೆ ಮೂರೋ ನಾಲ್ಕೋ ಸಿಕ್ಕರೆ ಪುಣ್ಯ. "ಹಳೇದೆಲ್ಲ ಗೆದ್ದಲು ತಿಂದಿತ್ತು ಬಿಡಿ" ಎಂದು ಸಾಹೇಬರು ಅಂದರು, ಅವಳೂ ಅದನ್ನೇ ಅಂದಳು. ಗೆದ್ದಲು ಎಷ್ಟು ತಿಂದಿತ್ತು, ಎಷ್ಟು ಬಿಟ್ಟಿತ್ತು ಎಂದು ಇಡೀ ಆಸ್ಪತ್ರೆಯಲ್ಲಿ ಲೆಕ್ಕ ಗೊತ್ತಿದ್ದವಳು ಅವಳೊಬ್ಬಳೇ. ಆದರೂ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಚೀಟಿ ಕೊಟ್ಟಳು. ತಣ್ಣನೆ ಗಾಳಿ, ಮೆತ್ತನೆ ಕುರ್ಚಿ, ಮೂಗಿಗೆ ಬಟ್ಟೆಯಿಲ್ಲ, ಏಣಿಯಿಲ್ಲ, ಮಂಡಿನೋವಿಲ್ಲ. ಸುಖಕ್ಕೆ ಬಿದ್ದ ಮನುಷ್ಯ ಎಷ್ಟು ಬೇಗ ಕಿವುಡಾಗುತ್ತಾನೆ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಅವಳ ಆಚೀಚೆ ಕೂತವರ ನಾಲಿಗೆಯಲ್ಲಿ ಕಡತದಕ್ಕ ಹೋಗಿ ಸೊನ್ನೆಯಕ್ಕ ಆಗಿದ್ದಳು. ಅದಕ್ಕೆ ಅವಳೂ ನಗುತ್ತಿದ್ದಳು.

ಆಗ ಬಂದವನು ಬಡಗಿ. ಐವತ್ತರ ಹತ್ತಿರದವನು, ಕಿವಿಯ ಮೇಲೆ ಪೆನ್ಸಿಲು, ಉಗುರಿನೊಳಗೆ ಮರದ ಹೊಟ್ಟು. ಅವನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಆರು ತಿಂಗಳ ಸರದಿ ಇದ್ದುದರಿಂದ ಊರಾಚೆಯ ಹೊಸ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡಿದ್ದ.

"ಹದಿನೆಂಟು ವರ್ಷದ ಹಿಂದೆ ಇಲ್ಲೇ ಹೆರಿಗೆ ಅಕ್ಕ," ಎಂದ. "ಹೊಟ್ಟೆ ಕೊಯ್ದು ಮಗು ತೆಗೆದ್ರು. ಮತ್ತಿನ ಮದ್ದು ಕೊಟ್ಟಿದ್ದೇ ತಡ, ಮೈಯೆಲ್ಲ ಸೌದೆ ಥರ ಸೆಟೆದುಹೋಯ್ತಂತೆ. ಜ್ವರ ಅಂದ್ರೆ ಮುಟ್ಟೋಕಾಗ್ತಿರಲಿಲ್ಲ. ಮೂರು ದಿನ ಕಣ್ಣೇ ಬಿಡಲಿಲ್ಲ. ಆಗಿನ ಡಾಕ್ಟ್ರು ಫೈಲಿನ ಮೇಲೆ ಕೆಂಪು ಶಾಯೀಲಿ ಬರೆದ್ರು, ಈ ಮದ್ದು ಇವಳಿಗೆ ಮತ್ತೆಂದೂ ಕೊಡಬೇಡಿ ಅಂತ. ನಾನು ಕಣ್ಣಾರೆ ಕಂಡಿದ್ದೀನಿ."

"ನಿಮಗೆ ಕೊಟ್ಟಿದ್ದ ಕಾಗದ?"

"ಬಾಡಿಗೆ ಮನೆ ಬದಲಾಯಿಸೋವಾಗ ಎಲ್ಲೋ ಹೋಯ್ತು. ಆ ಮದ್ದಿನ ಹೆಸರು ನಂಗೆ ನಾಲಿಗೆಗೂ ಬರಲ್ಲ. ಹೊಸ ಡಾಕ್ಟ್ರು, ಬಾಯಿಮಾತು ಬೇಡ, ಕಾಗದ ತನ್ನಿ ಅಂತಾರೆ."

ಅವಳು ಹೆಂಡತಿಯ ಹೆಸರು ಬರೆದು ಗುಂಡಿ ಒತ್ತಿದಳು. ಸೊನ್ನೆ. ಚೀಟಿ ಮುದ್ರಿಸಿ ಸಹಿ ಹಾಕಿ ಕೊಟ್ಟಳು. ವಾರ ಬಿಟ್ಟು ಮತ್ತೆ ಬಂದ; ಹೆಂಡತಿಯ ತವರಿನ ಕಡೆಯ ಹೆಸರು ಬರೆಸಿ ಹುಡುಕಿಸಿದ. ಸೊನ್ನೆ. ಮೂರನೆಯ ಸಲ ಒಂದು ಮಂಗಳವಾರ ಬೆಳಿಗ್ಗೆ ಬಂದ. ಗುರುವಾರ ಆಪರೇಷನ್. ಈ ಸಲ ಹೆರಿಗೆಯಾದ ತಾರೀಕು, ವಾರ್ಡು, ಹಾಸಿಗೆಯ ನಂಬರು ಎಲ್ಲವನ್ನೂ ಒಂದು ಹಲಗೆಯ ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತಂದಿದ್ದ. ತಾರೀಕು ಹಾಕಿದಳು, ವಾರ್ಡು ಹಾಕಿದಳು. ಸೊನ್ನೆ, ಸೊನ್ನೆ. ಮುದ್ರಣಯಂತ್ರ ತನ್ನ ಪಾಡಿಗೆ ತಾನು ಚೀಟಿ ಉಗುಳಿತು.

ಬಡಗಿ ಈ ಸಲ ಚೀಟಿ ತೆಗೆದುಕೊಳ್ಳಲಿಲ್ಲ. "ಹಿಂದೆ ಕೊಟ್ರಲ್ಲ ಎರಡು ಚೀಟಿ, ಅದನ್ನ ಅಲ್ಲಿ ತೋರಿಸ್ದೆ ಅಕ್ಕ. ಅಲ್ಲಿ ಒಬ್ಬ ಸಣ್ಣ ಡಾಕ್ಟ್ರು ಅದನ್ನ ನೋಡಿ, ಹಿಂದಿನ ತೊಂದರೆ ಏನೂ ಇಲ್ಲ ಅಂತ ಬರ್ಕೊಂಡುಬಿಟ್ರು."

"ದಾಖಲೆ ಸಿಗಲಿಲ್ಲ ಅಂತ ಅಲ್ವಾ ನಾವು ಬರೆದಿರೋದು?"

"ನಾನೂ ಅದನ್ನೇ ಹೇಳ್ದೆ. ದೊಡ್ಡಾಸ್ಪತ್ರೆ ಸೀಲಿದೆ, ಸೊನ್ನೆ ಅಂತ ಸಹಿ ಇದೆ, ಇನ್ನೇನು ಬೇಕು ಅಂದ್ರು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಆದರೆ ಈಯಿತು ಎಂದು ಸೀಲು ಹೊಡೆದು ಕೊಟ್ಟವಳು ತಾನು ಎಂದು ಕಡತದಕ್ಕನಿಗೆ ಆ ಕ್ಷಣಕ್ಕೆ ಹೊಳೆಯಿತು. ಬಡಗಿ ಮುಂದಕ್ಕೆ ಬಾಗಿ ಪರದೆಯತ್ತ ಬೆರಳು ತೋರಿಸಿದ. "ಒಂದು ಕೇಳ್ಲಾ ಅಕ್ಕ? ಇದಕ್ಕೆ ಏನು ಕೇಳಿದ್ರೆ ಸಿಗುತ್ತೆ? ಆ ಕಾಲದ್ದು ಒಂದೇ ಒಂದು ಸಿಕ್ಕಿದ್ದನ್ನ ತೋರಿಸಿ. ಆಮೇಲೆ ನಂದು ಇಲ್ಲ ಅಂದ್ರೆ ಒಪ್ತೀನಿ."

ಅಷ್ಟು ಹೇಳಿ, ಹಲಗೆಯ ಚೂರನ್ನು ಅವಳ ಮೇಜಿನ ಮೇಲೆಯೇ ಬಿಟ್ಟು ಹೋದ.

ಅವನು ಹೋದ ಮೇಲೆ ಅವಳು ಎಂದೂ ಮಾಡದ ಒಂದು ಕೆಲಸ ಮಾಡಿದಳು. ಪರದೆಯ ಮೇಲೆ ಹೆಸರು ಬರೆದು ಹುಡುಕುವ ಪೆಟ್ಟಿಗೆಯನ್ನು ಬದಿಗಿಟ್ಟು, ಕಂಪ್ಯೂಟರಿನೊಳಗೆ ಚೀಲಗಳ ನಂಬರು ಹಾಕಿಟ್ಟಿದ್ದ ಜಾಗಕ್ಕೆ ಹೋಗಿ, ಕಣ್ಣಿಗೆ ಬಿದ್ದ ಒಂದನ್ನು ತೆರೆದಳು. ಒಂದು ಪುಟ ಬಂತು. ಯಾವನೋ ಮುದುಕನ ಕೆಮ್ಮಿನ ಕಡತ. ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಆಸ್ಪತ್ರೆಯ ಹೆಸರು. ಹದಿನೆಂಟು ಲಕ್ಷ ಪುಟಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದರ ಮೇಲೂ ಅಚ್ಚಾಗಿದ್ದ ಹೆಸರು ಅದು. ಅದೇ ಹೆಸರನ್ನು ಅಕ್ಷರ ಅಕ್ಷರ ನೋಡಿಕೊಂಡು ಬರೆದು, ಈ ಚೀಲದಲ್ಲಿ ಹುಡುಕು ಎಂದಳು. ಪುಟ ಕಣ್ಣೆದುರೇ ಇತ್ತು. ಹೆಸರು ಕಣ್ಣೆದುರೇ ಇತ್ತು. ಸಿಕ್ಕ ದಾಖಲೆಗಳು: 0.

ಕಡತದಕ್ಕ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಸ್ಕ್ಯಾನಿನವನಿಗೆ ಫೋನು ಮಾಡಿದಳು.

"ಅಯ್ಯೋ ಅಕ್ಕ, ಅವು ಫೋಟೋಗಳು," ಎಂದ ಅವನು, ನಗುತ್ತಾ. "ಫೋಟೋದಲ್ಲಿರೋ ಅಕ್ಷರ ನಿಮಗೆ ಕಾಣುತ್ತೆ, ಅದಕ್ಕೆ ಕಾಣಲ್ಲ. ಅದಕ್ಕೆ ಅದು ಗೋಡೆ ಫೋಟೋ ಇದ್ದ ಹಾಗೆ. ಓದಿಸೋ ಕೆಲಸಾನೇ ಬೇರೆ. ಕೈಬರಹ ಆದ್ರೆ ಕೂತು ಟೈಪು ಮಾಡಿಸ್ಬೇಕು. ಮೊದಲ ವಾರ ಮಾಡಿಸಿದ್ವಿ. ಆಮೇಲೆ ನಿಮ್ಮ ಸಾಹೇಬ್ರೇ, ಹುಡುಕೋ ಪೆಟ್ಟಿಗೆ ಬಂತಲ್ಲ, ಸಾಕು, ಆಯ್ತಲ್ಲ ಅಂದ್ರು."

"ಮತ್ತೆ ಎರಡು ವರ್ಷದಿಂದ ನಾನು ಹುಡುಕ್ತಾ ಇದ್ದಿದ್ದು ಎಲ್ಲಿ?"

"ಏನೂ ಬರೆದಿಲ್ಲದ ಕಡೆ," ಎಂದ. ಅದೂ ಅವನಿಗೆ ತಮಾಷೆಯಾಗಿಯೇ ಕಂಡಿತು.

ಅವಳು ಹೊಸ ಆಸ್ಪತ್ರೆಗೆ ಫೋನು ಹಚ್ಚಿದಳು. ಗುರುವಾರದ ಆಪರೇಷನ್, ಇಂಥವರ ಹೆಂಡತಿ, ನಾವು ಕೊಟ್ಟ ಚೀಟಿ ನಂಬಬೇಡಿ ಎಂದಳು. ಆ ಕಡೆಯ ಹೆಣ್ಣುದನಿ ಬಹಳ ಮರ್ಯಾದೆಯಿಂದ, "ಮೇಡಂ, ನೀವು ಬರೆದುಕೊಟ್ಟಿದ್ದು ನಮ್ಮ ಹತ್ರ ಇದೆ. ಬೇರೆ ಏನಾದ್ರೂ ಇದ್ರೆ ಅದನ್ನೂ ಬರೆದೇ ಕಳಿಸಿ" ಎಂದು ಇಟ್ಟುಬಿಟ್ಟಿತು. ಬಡಗಿಗೆ ಫೋನು ಮಾಡಿ, ದಿನ ಮುಂದೆ ಹಾಕಿಸಿಕೊಳ್ಳಿ ಎಂದಳು. "ಮುಂದೆ ಹಾಕಿದ್ರೆ ಮೂರು ತಿಂಗಳಂತೆ ಅಕ್ಕ. ನೀರು ಕುಡಿದ್ರೂ ಕಿರುಚ್ತಾಳೆ, ಮೈ ಹಳದಿಯಾಗ್ತಿದೆ," ಎಂದ ಅವನು. "ಇದೆಯಾ ಹಾಗಾದ್ರೆ? ಇದ್ರೆ ಹುಡುಕಿ."

ಅವತ್ತು ಮನೆಗೆ ಹೋದವಳು ನೇರ ಬಚ್ಚಲಿಗೆ ಹೋದಳು. ಎರಡು ವರ್ಷದಿಂದ ಆ ಅಭ್ಯಾಸ ತಪ್ಪಿತ್ತು. ಅತ್ತೆ ಹಾಸಿಗೆಯ ಮೇಲೆ ಗುಂಡಿಗಳ ಡಬ್ಬಿ ಸುರುವಿಕೊಂಡು ಕೂತಿದ್ದರು. ಕಡತದಕ್ಕನ ಗಂಡ ದರ್ಜಿ, ಅವನು ಹೊಲಿದ ಅಂಗಿಗಳಿಗೆ ಜೊತೆ ಕೂಡುವ ಗುಂಡಿ ಹುಡುಕಿ ಕೊಡುವುದು ಆ ಮುದುಕಿಯ ಕೆಲಸ. ಸೊಸೆ ಕೈ ತಿಕ್ಕುವ ಸದ್ದು ನಿಲ್ಲದ್ದು ಕೇಳಿ, "ಈಗ ಧೂಳೇ ಇಲ್ವಲ್ಲ, ಏನೇ ತೊಳೀತಿದ್ದೀಯ?" ಎಂದರು.

ಸೊಸೆ ಬಂದು ಕೂತು ಎಲ್ಲವನ್ನೂ ಹೇಳಿದಳು. ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು. ಸಮಾಧಾನ ಹೇಳುವ ಹೆಂಗಸೇ ಅಲ್ಲ ಅದು. "ಇದೆ ಅನ್ನೋಕೆ ಒಂದು ಮೂಲೆ ನೋಡಿದ್ರೂ ಸಾಕು ಕಣೆ. ಇಲ್ಲ ಅನ್ನೋಕೆ ಮನೆಯೆಲ್ಲ ನೋಡಿರಬೇಕು. ನೀನು ಹೊಸಿಲ ಮೇಲೆ ನಿಂತ್ಕೊಂಡು ಇಲ್ಲ ಅಂದಿದ್ದೀಯ." ಆಮೇಲೆ ಡಬ್ಬಿಯ ಗುಂಡಿಗಳನ್ನು ಕೈಯಲ್ಲಿ ಹರಡುತ್ತಾ, "ಅಷ್ಟೂ ಚೀಲ ತುಂಬೋವಾಗ ನೀನು ಅಲ್ಲೇ ಇದ್ಯಲ್ಲ? ಕಣ್ಣಿರಲಿಲ್ವಾ?" ಎಂದರು.

ಕಣ್ಣಿತ್ತು. ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಅವಳು ಆ ಐದು ತಿಂಗಳನ್ನು ಒಂದೊಂದಾಗಿ ಹೊರತೆಗೆದಳು. ಕೆಲಸದವರು ಒಂದನೇ ಕಪಾಟಿನಿಂದ ಶುರುಮಾಡಿರಲಿಲ್ಲ. ಒಳಗೆ ಕತ್ತಲೆ, ಸೆಕೆ ಎಂದು ಕಿಟಕಿಯ ಕಡೆಯಿಂದ ಶುರುಮಾಡಿದ್ದರು. ಹದಿನೆಂಟು ವರ್ಷದ ಹಿಂದೆ ಎಂದರೆ ಹೆರಿಗೆ ವಾರ್ಡಿನ ಛಾವಣಿ ರಿಪೇರಿಯಾದ ವರ್ಷ. ಆ ವರ್ಷದ ಹೆರಿಗೆ ಕಡತಗಳನ್ನು ಕಪಾಟಿನಲ್ಲಿ ಜಾಗವಿಲ್ಲದೆ ಕಿಟಕಿಯ ಪಕ್ಕದ ಕಬ್ಬಿಣದ ಬೀರುವಿನಲ್ಲಿ ತುರುಕಿದ್ದಳು. ಆ ಬೀರು ತೆರೆದ ದಿನ! ಕೆಳಗಿನ ಹಲಗೆಯಿಂದ ಕಣ್ಣು ಬಿಡದ ಕೆಂಪು ಇಲಿಮರಿಗಳ ಗೂಡು ದೊಪ್ಪನೆ ಬಿದ್ದು, ಕೆಲಸದವರು ಹಾರಿಬಿದ್ದಿದ್ದರು. ಅವಳೇ ಅವನ್ನು ರಟ್ಟಿನ ಮೇಲೆ ಬಳಿದು ಹೊರಗೆ ಹಾಕಿದ್ದಳು. ಆ ಬೀರುವಿನ ಕಡತಗಳಿಗೆಲ್ಲ ಬಲಗಡೆಯ ಕೆಳಮೂಲೆಯನ್ನು ಇಲಿ ತಿಂದಿತ್ತು.

ಕಚೇರಿಗೆ ಹೋದವಳೇ ಚೀಲಗಳನ್ನು ತೆರೆಯತೊಡಗಿದಳು. ಹೆಸರು ನೋಡಲಿಲ್ಲ, ಮೂಲೆ ನೋಡಿದಳು. ಹತ್ತನೇ ಚೀಲ, ಮೂಲೆ ಸರಿಯಿದೆ. ಇಪ್ಪತ್ತು, ಸರಿಯಿದೆ. ಇಪ್ಪತ್ತಾರು, ನೀರಿನ ಕಲೆ ಇದೆ, ಹಲ್ಲಿನ ಗುರುತಿಲ್ಲ. ಮೂವತ್ತೊಂದನೇ ಚೀಲದ ಮೊದಲ ಪುಟ ತೆರೆದಾಗ ಬಲಗಡೆಯ ಕೆಳಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ ಗುರುತು ಕಂಡಿತು. ಜೀವಮಾನದಲ್ಲಿ ಇಲಿಯೊಂದಕ್ಕೆ ಅವಳು ಋಣಿಯಾದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಒಂದೊಂದೇ ಪುಟ. ಒಂದು ಚೀಲಕ್ಕೆ ಮೂರು ಸಾವಿರ. ಜ್ವರದ ಪಟ್ಟಿ, ಔಷಧಿಯ ಪಟ್ಟಿ, ಹೆಬ್ಬೆಟ್ಟಿನ ಗುರುತು, ಮತ್ತೆ ಜ್ವರದ ಪಟ್ಟಿ. ಕಡತದ ಹೊದಿಕೆಯ ಮೇಲೆಲ್ಲ ಅವಳದೇ ಹಳೆಯ ದುಂಡು ಬರಹ. ಸಾಲಿನಲ್ಲಿ ನಿಂತವರಿಗೆ ಮಧ್ಯಾಹ್ನ ಬನ್ನಿ ಎಂದಳು, ಮಧ್ಯಾಹ್ನ ಬಂದವರಿಗೆ ನಾಳೆ ಬನ್ನಿ ಎಂದಳು. ನಡುವೆ ಒಂದು ಹೊದಿಕೆಯ ಹೆಸರು ನೋಡಿ ಬೆರಳು ನಿಂತಿತು. ಹೋದ ತಿಂಗಳು ಒಬ್ಬಳು ಹುಡುಗಿ ತನ್ನ ತಾಯಿಯದೆಂದು ಕೇಳಿಕೊಂಡು ಬಂದಿದ್ದ ಹೆಸರು. ಅವಳಿಗೂ ಚೀಟಿ ಹೋಗಿತ್ತು. ಇಪ್ಪತ್ತು ಪುಟ ಮುಂದೆ ಇನ್ನೊಂದು ಗೊತ್ತಿರುವ ಹೆಸರು. ಮತ್ತೆ ಇನ್ನೊಂದು. ಕಡತದಕ್ಕ ಹೆಸರುಗಳ ಮೇಲೆ ಕಣ್ಣಿಡದೆ ಓಡಿಸಲು ನೋಡಿದಳು, ಆದರೆ ಹೆಸರು ನೋಡದೆ ಹುಡುಕುವುದು ಹೇಗೆ?

ಹನ್ನೆರಡಕ್ಕೆ ಆಯ್ತಲ್ಲ ಸಾಹೇಬರು ಬಂದು ಹಿಂದೆ ನಿಂತರು. ಹೊರಗಿನ ಸಾಲಿನ ಗಲಾಟೆ ಅವರಿಗೆ ಕೇಳಿಸಿತ್ತು. ಅವಳು ಪರದೆಯಿಂದ ಕಣ್ಣು ತೆಗೆಯದೆ ವಿಷಯ ಹೇಳಿದಳು.

"ಮೆಲ್ಲಗೆ ಮಾತಾಡಿ," ಎಂದರು ಅವರು. "ಇದನ್ನ ಎಷ್ಟು ಜನಕ್ಕೆ ಹೇಳಿದ್ದೀರಿ?"

"ಇಲ್ಲಿ ನಿಮಗೇ ಮೊದಲು. ಫೋಟೋ ಅಂತ ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿರೋದು ಬೇರೆ, ಕಡತದಲ್ಲಿ ಬರೋದು ಬೇರೆ." ಅವರು ಕುರ್ಚಿ ಎಳೆದುಕೊಂಡು ಕೂತರು. "ನೋಡಿ, ನಾವು ಸುಳ್ಳು ಎಲ್ಲಿ ಹೇಳಿದ್ದೀವಿ? ಸಿಕ್ಕ ದಾಖಲೆ ಸೊನ್ನೆ ಅಂದಿದ್ದೀವಿ. ಸಿಕ್ಕಿದ್ದು ಸೊನ್ನೇನೇ ಅಲ್ವಾ? ಈಗ ನೀವು ಒಬ್ಬನಿಗೆ ಹುಡುಕಿ ಕೊಟ್ರೆ, ಮಿಕ್ಕ ಮೂರು ಸಾವಿರ ಜನ ನಮ್ಮದು ಎಲ್ಲಿ ಅಂತ ಬರ್ತಾರೆ. ಅವನ ಹೆಂಡ್ತಿ ಆಪರೇಷನ್ ಚೆನ್ನಾಗೇ ಆಗುತ್ತೆ, ದಿನಾ ಸಾವಿರ ಜನಕ್ಕೆ ಆಗಲ್ವಾ? ಚೀಟಿ ಕೊಟ್ಟಾಯ್ತಲ್ಲ."

ಅವರ ಬಾಯಿಂದ ಪುದೀನ ಮಿಠಾಯಿಯ ವಾಸನೆ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಸತ್ತ ಇಲಿ, ಕೊಳೆತ ಬ್ಯಾಂಡೇಜು, ಪಕ್ಕದ ಕೋಣೆಯ ಹೆಣದ ವಾಸನೆ ಎಲ್ಲವನ್ನೂ ಕುಡಿದ ಮೂಗು ಅವಳದು. ಯಾವುದಕ್ಕೂ ಇಷ್ಟು ಅಸಹ್ಯಪಟ್ಟಿರಲಿಲ್ಲ. ಆ ಮಾತಿಗಲ್ಲ, ನಿನ್ನೆಯವರೆಗೆ ಆ ಮಾತು ತನಗೂ ಸರಿಯಾಗಿಯೇ ಕಂಡಿತ್ತಲ್ಲ, ಅದಕ್ಕೆ. ಅವಳು ಮುಂದಿನ ಪುಟ ತಿರುಗಿಸಿದಳು. ಸಾಹೇಬರು ಎದ್ದು, ಗೋಡೆಯ ಮೇಲಿನ ಪ್ರಶಸ್ತಿ ಸೊಟ್ಟಗಿದ್ದದ್ದನ್ನು ನೆಟ್ಟಗೆ ಮಾಡಿ ಹೋದರು.

ಮೂರೂವರೆಗೆ ಸಿಕ್ಕಿತು. ಹೊದಿಕೆಯ ಮೇಲೆ ಬಡಗಿಯ ಹೆಂಡತಿಯ ಹೆಸರು, ಹಲಗೆಯ ಚೂರಿನಲ್ಲಿದ್ದ ಅದೇ ತಾರೀಕು, ಅದೇ ಹಾಸಿಗೆ. ಅಡ್ಡಲಾಗಿ ದಪ್ಪ ಕೆಂಪು ಶಾಯಿಯಲ್ಲಿ ಎರಡು ಮದ್ದಿನ ಹೆಸರು, ಕೆಳಗೆ "ಈಕೆಗೆ ಎಂದಿಗೂ ಕೊಡಕೂಡದು, ಪ್ರಾಣಾಪಾಯ" ಎಂದು ಬರೆದು ಎರಡು ಗೆರೆ ಎಳೆದಿದ್ದರು. ಇಲಿ ಮೂಲೆಯನ್ನಷ್ಟೇ ತಿಂದಿತ್ತು. ಅಕ್ಷರದ ಗೊಡವೆಗೆ ಹೋಗಿರಲಿಲ್ಲ. ಮುದ್ರಿಸಿದರೆ ಕೆಂಪು ಬೂದುಬಣ್ಣವಾಗಿ ಬಂತು. ಅವಳು ಸಾಹೇಬರ ಮೇಜಿನಿಂದ ಕೆಂಪು ಪೆನ್ನು ತಂದು ಆ ಸಾಲಿನ ಸುತ್ತ ಗೆರೆ ಎಳೆದಳು. ಸಾಹೇಬರು ಸಹಿ ಹಾಕಲಿಲ್ಲ. ಅವಳೇ ಹಾಕಿ, ಸೀಲು ಹೊಡೆದು, ಬಸ್ಸು ಹತ್ತಿದಳು.

ಹೊಸ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಆ ಹಾಳೆ ಓದಿದರು. ಲೋಟ ಕೆಳಗಿಟ್ಟು ಇನ್ನೊಮ್ಮೆ ಓದಿದರು. ಕಡತ ತರಿಸಿ ನಾಳೆಯ ಪಟ್ಟಿ ತೆಗೆದರು. ಅದರಲ್ಲಿ ಬರೆದಿದ್ದ ಎರಡು ಮದ್ದುಗಳಲ್ಲಿ ಒಂದು, ಇಲಿ ಕಚ್ಚಿದ ಹಾಳೆಯಲ್ಲಿದ್ದದ್ದೇ. ಅವರು ಅದನ್ನು ಹೊಡೆದುಹಾಕಿ ಬೇರೆ ಬರೆದರು. ಸಣ್ಣ ಡಾಕ್ಟರನ್ನು ಕರೆಸಿ ನಾಲ್ಕು ಮಾತು ಬಿಗಿಯಾಗಿ ಹೇಳಿದರು. ಆಮೇಲೆ ಕಡತದಿಂದ ಸೊನ್ನೆ ಚೀಟಿ ತೆಗೆದು, ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟರು.

"ಎರಡರ ಮೇಲೂ ಒಂದೇ ಸೀಲು, ಒಂದೇ ಸಹಿ," ಎಂದರು. "ಇವರು ಯಾರು?"

"ನಾನೇ," ಎಂದಳು ಕಡತದಕ್ಕ.

ಡಾಕ್ಟರಮ್ಮ ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಬಡಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವಳು ಇನ್ನೊಂದು ಪ್ರತಿಯನ್ನು ಅವನ ಕೈಗೆ ಕೊಟ್ಟಳು. ಮದ್ದು ಬದಲಾಯಿತು, ನಾಳೆಗೆ ಹೆದರಬೇಡಿ ಎಂದಳು. ಕೈ ಮುಗಿಯುತ್ತಾನೆ ಎಂದುಕೊಂಡಿದ್ದಳೋ ಏನೋ, ಹಳೆಯ ಅಭ್ಯಾಸ. ಅವನು ಕೈ ಮುಗಿಯಲಿಲ್ಲ. ಹಾಳೆಯ ಮೇಲೆ ಬೆರಳಾಡಿಸಿ, ಹಲಗೆಯ ನೇರ ನೋಡುವ ಹಾಗೆ ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಮೂರು ಸಲ ಬಂದ್ನಲ್ಲ ಅಕ್ಕ. ಮೂರು ಸಲಾನೂ ಇದು ಅಲ್ಲೇ ಇತ್ತಾ?"

"ಇತ್ತು."

"ನಿಮ್ಮ ಮುಂದಿದ್ದ ಪೆಟ್ಟಿಗೆಯೊಳಗೇನಾ?"

"ಹೂಂ."

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟ. "ನನ್ನ ಹಿಂದೆ ಸಾಲಲ್ಲಿ ನಿಂತಿದ್ರಲ್ಲ," ಎಂದ, "ಅವರದ್ದು?"

ಗುರುವಾರ ಹನ್ನೊಂದಕ್ಕೆ ಬಡಗಿಯ ಫೋನು ಬಂತು. ಕಲ್ಲು ತೆಗೆದರು, ಕಣ್ಣು ಬಿಟ್ಟಿದ್ದಾಳೆ, ನೀರು ಕೇಳುತ್ತಿದ್ದಾಳೆ ಎಂದ. ಅಷ್ಟು ಹೇಳಿ ಇಟ್ಟ. ಆಯ್ತಲ್ಲ ಸಾಹೇಬರು ಪಕ್ಕದ ಮೇಜಿನಿಂದ, "ಬದುಕಿದ್ಲಾ? ಆಯ್ತಲ್ಲ, ಇನ್ನು ಸಾಲನ್ನ ಒಳಗೆ ಬಿಡಿ" ಎಂದರು.

ಕಡತದಕ್ಕ ಸಾಲನ್ನು ಒಳಗೆ ಬಿಡಲಿಲ್ಲ. ತನ್ನ ಮೇಜಿನ ಹಿಂದಿನ ಬೀರುವಿನಿಂದ, ಸೊನ್ನೆ ಚೀಟಿಗಳ ಪ್ರತಿಗಳನ್ನು ಕಟ್ಟಿಟ್ಟ ಗಂಟುಗಳನ್ನು ಇಳಿಸಿದಳು. ಒಟ್ಟು ಮೂರು ಸಾವಿರದ ನೂರ ನಲವತ್ತು. ತೀರ ಕೆಳಗಿನ ಗಂಟು ಬಿಚ್ಚಿ ಒಂದನೇ ನಂಬರಿನ ಚೀಟಿ ಎಳೆದಳು. ಒಬ್ಬ ಪೋಸ್ಟ್‌ಮ್ಯಾನ್, ತನ್ನ ಎದೆಗೆ ಹಿಂದೆ ಏನು ಮಾಡಿದ್ದರು ಎಂದು ತಿಳಿಯಬೇಕಿತ್ತು ಅವನಿಗೆ. ಅರ್ಜಿಯಲ್ಲಿ ಹಾಗೆಂದು ಚೆಂದದ ಅಕ್ಷರದಲ್ಲಿ ಬರೆದಿದ್ದ, ಕೆಳಗೆ ಫೋನ್ ನಂಬರು ಕೊಟ್ಟಿದ್ದ. ಅವಳು ಆ ನಂಬರು ಒತ್ತಿದಳು.

ಒಬ್ಬ ಹೆಂಗಸು ಎತ್ತಿಕೊಂಡಳು. ಹಿಂದೆ ಕುಕ್ಕರಿನ ಸೀಟಿ.

"ದೊಡ್ಡಾಸ್ಪತ್ರೆಯ ರೆಕಾರ್ಡ್ ರೂಮಿನಿಂದ ಮಾತಾಡ್ತಿದ್ದೀನಿ. ಪೋಸ್ಟ್‌ಮ್ಯಾನ್ ಒಬ್ಬರು ಒಂದು ಫೈಲು ಕೇಳಿದ್ರು..."

"ಅಪ್ಪನಾ? ಅಪ್ಪ ಹೋಗಿ ಒಂದೂವರೆ ವರ್ಷ ಆಯ್ತಲ್ಲ," ಎಂದಳು ಆ ಹೆಂಗಸು. ಆಮೇಲೆ, "ಸಿಕ್ತಾ ಅದು?" ಎಂದು ಕೇಳಿದಳು.

ಇನ್ನೂ ಇಲ್ಲ, ಹುಡುಕುತ್ತಿದ್ದೇನೆ ಎಂದಳು ಕಡತದಕ್ಕ. ಅಲ್ಲಿಗೇ ಇಟ್ಟುಬಿಡಬಹುದಿತ್ತು, ಸಾಹೇಬರು ಅತ್ತ ಕಡೆಯಿಂದ ಇಟ್ಟುಬಿಡಿ ಎಂದು ಕೈಸನ್ನೆಯನ್ನೂ ಮಾಡುತ್ತಿದ್ದರು. ಅವಳು ಅವರಿಗೆ ಬೆನ್ನು ಹಾಕಿ ಕೂತು, ಅಪ್ಪ ಏನಾಗಿ ಹೋದರಮ್ಮ ಎಂದು ಕೇಳಿದಳು.